ನೀಲಿ ಪಾತೇಲಿಯ ರಿವೀಟು

ಹಾಲು ಉಕ್ಕುವ ಮೊದಲೇ ಒಲೆಯೊಳಗಿನ ಬೆಂಕಿ ಚುಂಯ್ ಅಂದರೆ ಪಾತ್ರೆಯ ತಳ ತೂತಾಗಿದೆ ಎಂದು ತಿಳಿಯಬೇಕು. ಅಂದು ಬೆಳಿಗ್ಗೆ ಆ ಸಪ್ಪಳ ಕೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಗಂಟಿದ ಹಿಟ್ಟನ್ನೂ ಒರೆಸಿಕೊಳ್ಳದೆ ಪಾತೇಲಿ ಇಳಿಸಿ, ಹಾಲನ್ನು ಬೇರೆ ಡಬರಿಗೆ ಸುರಿದೆ. ಅಷ್ಟರಲ್ಲೇ ಒಲೆಯ ಬೂದಿಯ ಮೇಲೆ ಹನಿಗಳು ಬಿದ್ದು ಕರಕು ವಾಸನೆ ಎದ್ದಿತ್ತು.

ಬಾಗಿಲ ಬಳಿ ಮೊರ ಹಿಡಿದು ಕಡಲೆ ಹಸನು ಮಾಡುತ್ತಿದ್ದ ಅತ್ತೆ ಅಲ್ಲಿಂದಲೇ ಕೇಳಿದರು.

"ಏನ್ ಸುಟ್ಟಿ?"

"ಏನೂ ಸುಟ್ಟಿಲ್ರಿ ಅತ್ತಿ. ಪಾತೇಲಿ ಸೋರಾಕತ್ತೈತಿ."

"ಯಾವ ಪಾತೇಲಿ?"

ಹಾಲು ಕಾಸುವ ಪಾತೇಲಿ ಮನೆಯಲ್ಲಿ ಒಂದೇ ಇತ್ತು. ಅದು ಅವರಿಗೂ ಗೊತ್ತಿತ್ತು. "ನೀಲಿದು" ಅಂದೆ.

ಅವರು ಮೊರ ಕೆಳಗಿಟ್ಟರು. "ಆಕಿ ಕೈಯಾಗ ಇರೂತನಾ ಅದಕ್ಕ ಒಂದು ಚೂರು ಪೆಟ್ಟಾಗಿದ್ದಿಲ್ಲ. ನಿನ್ನ ಕೈಗೆ ಬಂತು, ತೂತ ಬಿತ್ತು ನೋಡು."

ಆಕೆ ಅಂದರೆ ನನ್ನ ಗಂಡನ ಮೊದಲ ಹೆಂಡತಿ. ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದಳು. ಮಗಳಿಗೆ ಆಗ ಏಳೆಂಟು ವರ್ಷ. ಮಿಶ್ರಿಕೋಟಿಯಿಂದ ಅಣ್ಣಿಗೇರಿಗೆ ನನ್ನನ್ನು ತಂದದ್ದೇ ಆ ಹುಡುಗಿಯ ತಲೆ ಬಾಚಲು, ಮನೆಮಂದಿಗೆ ರೊಟ್ಟಿ ಬಡಿಯಲು. ನನಗೆ ಮಕ್ಕಳಾಗಲಿಲ್ಲ. ಹುಡುಗಿ ನನ್ನನ್ನು ಚಿಗವ್ವ ಅನ್ನುತ್ತಿದ್ದಳು. ಅದರಲ್ಲಿ ಪ್ರೀತಿ ಕಡಿಮೆ ಇರಲಿಲ್ಲ. ಆದರೆ ಅವ್ವ ಎಂಬ ಮಾತು ಬಂದಾಗ ಅವಳ ಕಣ್ಣು ಒಲೆಯ ಮೇಲಿನ ಆ ಪಾತೇಲಿಯ ಕಡೆಗೇ ಹೋಗುತ್ತಿತ್ತು.

ಹೊರಗೆ ಆಕಾಶನೀಲಿ, ಒಳಗೆ ಬಿಳಿ, ಅಂಚಿಗೆ ಕಪ್ಪು ಗೆರೆ, ಹೊಟ್ಟೆಯ ಮೇಲೆ ಎರಡು ಕೆಂಪು ಹೂವು. ಎನಾಮಲ್ ಪಾತ್ರೆಗಳು ಮೆರೆಯುತ್ತಿದ್ದ ಕಾಲದಲ್ಲಿ, ಮದುವೆಯಾದ ಹೊಸದರಲ್ಲಿ, ನನ್ನ ಗಂಡ ಹುಬ್ಬಳ್ಳಿಯಿಂದ ಆಕೆಗೆ ಅಂತಲೇ ತಂದದ್ದು. ನನಗೆ ಹೊಸದರಲ್ಲಿ ಏನು ತಂದರು ಎಂದು ಕೇಳಬೇಡಿ.

ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಬದುಕಿರುವ ಸವತಿಯ ಮೇಲೆ ಪಡುವುದಕ್ಕಿಂತ ಕಷ್ಟ. ಬದುಕಿದವಳು ಒಂದಲ್ಲ ಒಂದು ದಿನ ಸಾರಿಗೆ ಉಪ್ಪು ಹೆಚ್ಚು ಹಾಕುತ್ತಾಳೆ, ನೆರೆಯವರ ಜೊತೆ ಜಗಳ ತೆಗೆಯುತ್ತಾಳೆ, ಆಗ ನಮಗೂ ಒಂದು ಮಾತಿಗೆ ಜಾಗ ಸಿಗುತ್ತದೆ. ಸತ್ತವಳ ಸಾರಿಗೆ ಉಪ್ಪು ಎಂದೂ ಹೆಚ್ಚಾಗುವುದಿಲ್ಲ. ನಮ್ಮ ಮನೆಯಲ್ಲಿ ಆಕೆಯ ಬದನೆಕಾಯಿ ಪಲ್ಯವಿತ್ತು, ಆಕೆಯ ಶೇಂಗಾ ಹಿಂಡಿ ಇತ್ತು. ಎಡಗೈಯವಳಾದರೂ ಆಕೆ ಬಡಿದ ರೊಟ್ಟಿ ಚಂದಿರನ ಹಾಗೆ ದುಂಡಗೆ ಇರುತ್ತಿತ್ತು ಎಂಬ ಮಾತು ವಾರಕ್ಕೊಮ್ಮೆಯಾದರೂ ನನ್ನ ರೊಟ್ಟಿಯ ಮುಂದೆಯೇ ಬರುತ್ತಿತ್ತು.

ಮೇಲಾಗಿ ಆ ದಿನ ನನ್ನ ಮರ್ಯಾದೆಯೂ ಆ ತೂತಿನಲ್ಲೇ ಸಿಕ್ಕಿಕೊಂಡಿತ್ತು. ನಮ್ಮ ಓಣಿಯಲ್ಲಷ್ಟೇ ಅಲ್ಲ, ಊರಲ್ಲೇ ಎನಾಮಲ್ ಪಾತ್ರೆ ಕೆಟ್ಟರೆ ಜನ ನನ್ನ ಹತ್ತಿರ ಬರುತ್ತಿದ್ದರು. ಸಂತೆಯಲ್ಲಿ ಚಕ್ಕೆ ಹಾರಿದ ತಾಟು, ಕಿವಿ ಕಿತ್ತ ಪಾತೇಲಿ ಕಡಿಮೆಗೆ ಕೊಂಡು, ಹಿತ್ತಲಲ್ಲಿ ಕೂತು ಸರಿಮಾಡಿ ಮಾರುವುದು ನಾನೇ ಹುಡುಕಿಕೊಂಡ ಕಸುಬು. ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ: ಹಳೆಯ ಎನಾಮಲ್ ಕೈಗೆ ಬಂದರೆ ಮೊದಲು ಬಣ್ಣ ನೋಡಬೇಡಿ, ಬಿಸಿಲಿಗೆ ಎತ್ತಿ ಹಿಡಿದು ತಳ ನೋಡಿ. ಚಕ್ಕೆ ಕಂಡರೆ ಬಾಯಿ ಬಿಡಬೇಡಿ. ಹೆಬ್ಬೆರಳನ್ನು ಚಕ್ಕೆಯ ಮೇಲಿಟ್ಟು ಸುಮ್ಮನೆ ನಿಲ್ಲಿ. ಮಾರುವವನು ತಾನೇ ಇಳಿಯುತ್ತಾನೆ.

ಎನಾಮಲ್ ಅಂದರೆ ಕಬ್ಬಿಣದ ತಗಡಿಗೆ ಕರಗಿಸಿ ಹಚ್ಚಿದ ಗಾಜು. ಇಷ್ಟು ತಿಳಿದರೆ ಅರ್ಧ ಕಸುಬು ಬಂದಂತೆ. ಕಾದ ಪಾತ್ರೆಗೆ ತಣ್ಣೀರು ಸುರಿಯಬಾರದು, ಕಲ್ಲಿನ ಮೇಲೆ ಕುಕ್ಕಬಾರದು. ನಮ್ಮ ಕಡೆಯ ಹೆಣ್ಣುಮಕ್ಕಳು ಹಿತ್ತಾಳೆಗೆ ತಿಕ್ಕುವ ಇಟ್ಟಂಗಿ ಪುಡಿಯನ್ನೇ ಇದಕ್ಕೂ ಹಾಕಿ ತಿಕ್ಕಿ, ಹೊಳಪು ಹೋಯಿತು ಎಂದು ಅಳುತ್ತ ಬರುತ್ತಿದ್ದರು. ಅಂಥ ನನ್ನ ಮನೆಯಲ್ಲೇ, ನನ್ನ ಕೈಯಲ್ಲೇ, ಆಕೆಯ ಪಾತೇಲಿ ಸೋರಿತ್ತು.

ಹುಡುಗಿ ನಲ್ಲಿಯಿಂದ ಕೊಡ ಹೊತ್ತು ಬಂದಳು. ಅವಳ ಮದುವೆ ಮುಂದಿನ ತಿಂಗಳಿತ್ತು. ಯಮನೂರಿಗೆ ಕೊಟ್ಟಿದ್ದೆವು, ಒಕ್ಕಲುತನದ ಮನೆ. ಕೊಡ ಇಳಿಸುವ ಮೊದಲೇ ಪಾತೇಲಿ ನೋಡಿದಳು.

"ಚಿಗವ್ವಾ, ರಿಪೇರಿ ಆಗತೈತಿಲ್ಲ?"

"ಯಾಕ ಬೇ, ದಪ್ಪ ತಳದ ಸ್ಟೀಲಿನ ಪಾತೇಲಿ ತಂದಿಟ್ಟೇನಲ್ಲ ನಿನಗ."

"ಅದನ್ನೂ ಒಯ್ತೇನಿ. ಆದ್ರ ಅಲ್ಲಿ ಮೊದಲನೇ ಹಾಲು ಇದರಾಗ ಕಾಸಾಕಿ ನಾ. ಸೋರೂ ಪಾತೇಲಿ ಒಯ್ದು ನಾಗೊಂದಿ ಹಲಗಿ ಮ್ಯಾಲೆ ಬೋರಲ ಹಾಕಿದ್ರ ಏನ್ ಬಂತು? ಹಾಲು ಕಾಸದಿದ್ರ ಅದು ಅವ್ವನ ಪಾತೇಲಿ ಅಲ್ಲ."

ಆ ವರ್ಷಗಳಲ್ಲಿ ಸ್ಟೀಲು ಎಲ್ಲರ ಮನೆಗೂ ನುಗ್ಗುತ್ತಿತ್ತು. ಮದುವೆಗೆ ಸ್ಟೀಲಿಲ್ಲದಿದ್ದರೆ ಬೀಗರ ಮುಖ ಸಣ್ಣದಾಗುತ್ತಿತ್ತು. ನಾನು ಹುಬ್ಬಳ್ಳಿಯ ಅಂಗಡಿಗಳನ್ನು ಸುತ್ತಿ, ಎದ್ದುಹೋದಂತೆ ಮಾಡಿ, ಮತ್ತೆ ಕರೆಸಿಕೊಂಡು, ಒಂದೊಂದೇ ಪಾತ್ರೆ ಕೂಡಿಸಿದ್ದೆ. ಅವಕ್ಕೆ ಹೆಸರು ಕೊರೆಸುವ ದಿನ ಅತ್ತೆ, "ಹಡದಾಕಿ ಹೆಸರು ಹಾಕಸು, ಹುಡುಗಿಗೆ ಸಮಾಧಾನ ಆಗತೈತಿ" ಅಂದರು. ಹಾಕಿಸಿದೆ. ಹೀಗೆ ನಾನು ತಂದ ತಾಟು, ವಾಟಿ, ಚರಗಿ ಎಲ್ಲದರ ಮೇಲೂ ಆಕೆಯ ಹೆಸರು ಕೂತಿತು. ಅಷ್ಟಾದ ಮೇಲೂ ಹುಡುಗಿ ಕೇಳಿದ್ದು ಈ ತೂತು ಬಿದ್ದ ನೀಲಿ ಪಾತೇಲಿ.

ಇದು ಆಗುವುದಿಲ್ಲ ಎಂದು ನಾನು ಒಂದು ಮಾತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎನಾಮಲ್ ವಿಷಯದಲ್ಲಿ ನನ್ನ ಮಾತಿಗೆ ಎದುರಾಡುವವರು ಊರಲ್ಲಿರಲಿಲ್ಲ. ಆದರೆ ಆಕೆಯ ಪಾತ್ರೆಯ ಮುಂದೆ ನಿಂತು ನನ್ನ ಕೈಲಾಗದು ಅನ್ನಲು ನನಗೆ ನಾಲಿಗೆ ಹೊರಳಲಿಲ್ಲ.

"ಆಗತೈತಿ" ಅಂದೆ.

ಕೆಲಸ ಹಿಡಿಯುವ ಮೊದಲು ನೋಡಬೇಕಾದ್ದು ತೂತನ್ನಲ್ಲ, ತೂತಿನ ಸುತ್ತಮುತ್ತ. ತೂತು ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ಗಾಜು ಸವೆದಿರುತ್ತದೆ, ಕೆಳಗೆ ತುಕ್ಕು ಹಬ್ಬಿರುತ್ತದೆ. ಪಾತೇಲಿಯನ್ನು ಬೆಚ್ಚನೆಯ ನೀರು, ಸೀಗೆಪುಡಿಯಿಂದ ತೊಳೆದು, ಹುಣಸೆಹಣ್ಣು ಹಚ್ಚಿ ತುಕ್ಕು ಬಿಡಿಸಿ, ಹಿತ್ತಲಿಗೆ ಒಯ್ದು ಬಿಸಿಲಿಗೆ ಹಿಡಿದೆ. ತಳದ ನಟ್ಟನಡುವೆ ಸಾಸಿವೆಯಷ್ಟು ಬೆಳಕು. ಅದರ ಸುತ್ತ ಬೆರಳುಗುರಿನ ಆಕಾರದ ಗೀರುಗಳು, ಒಂದರ ಮೇಲೊಂದು, ನೂರಾರು. ಕಬ್ಬಿಣದ ಚಮಚದಿಂದ ತಳ ಕೆರೆದ ಗೀರು ಅವು. ಇಂಥವನ್ನು ನಾನು ಎಷ್ಟೋ ಮನೆಗಳ ಪಾತ್ರೆಗಳಲ್ಲಿ ನೋಡಿದ್ದೆ.

ಆದರೆ ಇವು ಬೇರೆ ಥರ ಇದ್ದವು. ಕೆರೆದ ಗೀರುಗಳೆಲ್ಲ ಸೇರಿ ನೆತ್ತಿಯ ಸುಳಿಯ ಹಾಗೆ ಒಂದು ಸುಳಿ ಆಗುತ್ತದೆ. ಬಲಗೈಯಿಂದ ಕೆರೆದ ಪಾತ್ರೆಗಳಲ್ಲಿ ಆ ಸುಳಿ ಒಂದು ಕಡೆಗೆ ತಿರುಗಿರುತ್ತದೆ. ಪಾತ್ರೆಯನ್ನು ಹೇಗೆ ತಿರುಗಿಸಿ ನೋಡಿದರೂ ಅದೇ ದಿಕ್ಕು. ಇದರ ಸುಳಿ ಎದುರು ದಿಕ್ಕಿಗೆ ತಿರುಗಿತ್ತು. ಒಳಗೆ ಹೋಗಿ ನನ್ನ ಮಾರಾಟದ ಪಾತ್ರೆಗಳನ್ನು ತಂದು ಪಕ್ಕಕ್ಕಿಟ್ಟು ನೋಡಿದೆ. ಸಂಶಯವೇ ಇರಲಿಲ್ಲ. ಈ ಪಾತೇಲಿಯನ್ನು ಸವೆಸಿದ್ದು ಎಡಗೈ. ಮನೆಯಲ್ಲಿ ಎಡಗೈಯವಳು ಆಕೆಯೊಬ್ಬಳೇ.

ಆಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಸಂತೆಯಲ್ಲಿ ದೊಡ್ಡ ವ್ಯಾಪಾರ ಗೆದ್ದಾಗಲೂ ಅಷ್ಟು ಆಗಿರಲಿಲ್ಲ. ನನ್ನ ಗಂಡ ಹತ್ತಿ ಜಿನ್ನಿನಲ್ಲಿ ತೂಕದ ಕೆಲಸ ಮಾಡುತ್ತಿದ್ದರು, ಮಧ್ಯಾಹ್ನ ಊಟಕ್ಕೆ ಬರುತ್ತಿದ್ದರು. ಎಲ್ಲರೂ ತಾಟಿನ ಮುಂದೆ ಕೂಡುವ ತನಕ ಕಾದೆ. ಆಮೇಲೆ ಪಾತೇಲಿಯನ್ನು ನಡುವೆ ಇಟ್ಟೆ.

"ನನ್ನ ಕೈಗೆ ಬಂದ ತೂತ ಬಿತ್ತು ಅಂದ್ರಲ್ರಿ ಅತ್ತಿ. ಈ ಗೀರು ನೋಡ್ರಿ. ಇದು ಎಡಗೈಲೇ ಕೆರೆದದ್ದು. ಗಾಜು ಸವೆದದ್ದು ಇವತ್ತಲ್ಲ, ಆಕಿ ಇದ್ದಾಗನ. ನಾ ಬಂದಮ್ಯಾಲೆ ಕಟ್ಟಿಗಿ ಸೌಟು ಬಿಟ್ರ ಬ್ಯಾರೆ ಯಾವುದೂ ಇದರಾಗ ಆಡಿಸಿಲ್ಲ."

ಅತ್ತೆ ಬಗ್ಗಿ ನೋಡಿದರು. ನಾನು ಅವರು ಮುಖ ತಿರುಗಿಸುವುದನ್ನು ಕಾಯುತ್ತಿದ್ದೆ. ಅವರು ನಕ್ಕುಬಿಟ್ಟರು.

"ಹೌದಲ್ಲ ಬೇ. ತಳಕ್ಕ ಹತ್ತಿದ ಹಾಲು ಕರ್ ಕರ್ ಅಂತ ಕೆರೀತಿದ್ಲು, ಸಕ್ರಿ ಉದುರಿಸಿ ಈ ಹುಡುಗಿ ಬಾಯಾಗ ಹಾಕ್ತಿದ್ಲು. ಕಬ್ಬಿಣದ ಚಮಚಾ ಹಚ್ಚಬ್ಯಾಡಬೇ ಎಡಚಿ ಅಂತ ನಾ ಎಷ್ಟ ಬೈದೇನಿ. ಕೇಳಿದ್ರ ತಾನ?"

ಇಷ್ಟು ವರ್ಷದಲ್ಲಿ ಅತ್ತೆ ಆಕೆಯನ್ನು ಬೈದಿದ್ದರು ಎಂಬ ಸುದ್ದಿ ನಾನು ಕೇಳಿದ್ದು ಅದೇ ಮೊದಲು. ಸಂತೋಷವಾಗಬೇಕಿತ್ತು. ಆದರೆ ಆ ಬೈಗಳದಲ್ಲೂ ಎಂಥ ಸಲಿಗೆ ಇತ್ತು! ನನ್ನನ್ನು ಅವರು ಎಂದೂ ನಗುತ್ತ ಬೈದವರಲ್ಲ. ಗಂಡ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಪಾತೇಲಿಯ ಒಳಗೆ ನೋಡುತ್ತ ಕೂತರು. ಹುಡುಗಿ ಅದನ್ನು ತೊಡೆಯ ಮೇಲೆ ಎಳೆದುಕೊಂಡು, ಗೀರುಗಳ ಮೇಲೆ ಬೆರಳಾಡಿಸಿದಳು.

"ಇದನ್ನ ಉಜ್ಜಬ್ಯಾಡ ಚಿಗವ್ವಾ" ಅಂದಳು.

ನಾನು ಆಕೆಯನ್ನು ಕೆಳಗಿಳಿಸಲು ತಂದ ಸಾಕ್ಷಿ ಆಕೆಯನ್ನು ಮತ್ತೊಂದು ಮೆಟ್ಟಿಲು ಮೇಲೆ ಕೂಡಿಸಿತ್ತು. ಅಲ್ಲಿಯ ತನಕ ಅದು ಬರೀ ಪಾತೇಲಿ, ಇನ್ನು ಮೇಲೆ ಆಕೆಯ ಕೈಯ ಬರಹ ಇರುವ ಪಾತೇಲಿ.

"ಉಜ್ಜದಿದ್ರ ಬೆಸಿಗಿ ಹತ್ತೂದಿಲ್ಲ" ಅಂದೆ. "ತೂತಿನ ಸುತ್ತ ಕಬ್ಬಿಣ ಬೆಳ್ಳಗ ಹೊಳೀಬೇಕು. ಎರಡು ಬೆರಳು ಅಗಲ ಹೋಗತೈತಿ."

"ಎರಡು ಬೆರಳು ಹೋದ್ರ ಉಳಿಯೂದ ಏನು? ಅರ್ಧ ಬೆರಳು."

"ಅರ್ಧ ಬೆರಳಿನಾಗ ಇರುವಿ ಕೂಡೂದಿಲ್ಲ. ಒಂದೂವರಿ."

"ಒಂದ ಬೆರಳು. ಅದೂ ನನ್ನ ಕಿರುಬೆರಳು, ನಿನ್ನ ಹೆಬ್ಬೆರಳಲ್ಲ."

"ಸಂತ್ಯಾಗ ನಿಂತಂಗ ನಿಂತಿಯಲ್ಲ ನೀ."

"ನಿನ್ನ ಬಾಜುನ ನಿಂತು ಕಲ್ತದ್ದು" ಅಂದಳು.

ಅವಳ ಕಿರುಬೆರಳಿಗೆ ವ್ಯಾಪಾರ ಮುಗಿಯಿತು. ಗೀರುಗಳ ಸುಳಿ ಅಂಗೈಯಷ್ಟಿತ್ತು, ನಡುವಿನ ಕಿರುಬೆರಳಗಲ ಮಾತ್ರ ನನ್ನದು. ಅದರಾಚೆ ಮುಟ್ಟಬಾರದು.

ಮಸೂತಿಯ ಬಾಜು ಕಲಾಯಿ ಚಾಚಾ ಕೂಡುತ್ತಿದ್ದರು. ತಿದಿ ಒತ್ತಿ, ಹಿತ್ತಾಳೆ ಪಾತ್ರೆಗಳಿಗೆ ತವರ ಬಳಿಯುವ ಅವರ ಕೈ ಈ ಸೀಮೆಯಲ್ಲೇ ಹೆಸರಾಗಿತ್ತು. ನನಗೆ ಆ ಕೈಯ ಮೇಲೂ ಒಂದಿಷ್ಟು ಮತ್ಸರವಿತ್ತು, ಇರಲಿ. ನೀಲಿ ಪಾತೇಲಿಯ ಜೊತೆ, ನನ್ನ ಮಾರಾಟದ ಪಾತ್ರೆಗಳಲ್ಲಿದ್ದ, ಅದೇ ದಪ್ಪದ, ತೂತು ಬಿದ್ದ ಬಿಳಿ ಪಾತೇಲಿಯೊಂದನ್ನೂ ಒಯ್ದೆ. ಬೇರೆಯವರ ಕೈಗೆ ಒಳ್ಳೆಯ ಪಾತ್ರೆ ಕೊಡುವ ಮೊದಲು ಕೆಟ್ಟ ಪಾತ್ರೆಯಲ್ಲಿ ಅವರ ಕೈ ನೋಡಬೇಕು.

"ತವರದ ಬೆಸಿಗಿ ಹಾಕ್ತೇನಿ ಬೇಟಿ" ಅಂದರು ಚಾಚಾ. "ಅಗದಿ ಕನ್ನಡಿ ಆಗತೈತಿ. ರಿಪೇರಿ ಮಾಡೀರಿ ಅಂದ್ರ ಮಂದಿ ನಂಬೂದಿಲ್ಲ."

"ಸೀಸ ಕೂಡಿಸಬ್ಯಾಡ್ರಿ ಚಾಚಾ, ಉಣ್ಣೂ ಪಾತ್ರಿ."

"ನನಗ ಹೇಳಾಕ ಬಂದ್ಯಾ? ನಿನ್ನ ಮದಿವಿಗಿಂತ ಮೊದಲಿಂದ ಬಳೀತೇನಿ ನಾ."

ಬಿಳಿ ಪಾತೇಲಿಯ ತೂತಿನ ಸುತ್ತ ಉಜ್ಜಿ, ನವಸಾಗರ ಉದುರಿಸಿ, ಕೆಳಗೆ ಕೆಂಡ ಹಿಡಿದು, ಮೇಲೆ ತವರ ಮುಟ್ಟಿಸಿದರು. ತವರ ನೀರಿನ ಹಾಗೆ ಹರಿದು ತೂತು ಮುಚ್ಚಿತು. ಅಷ್ಟರಲ್ಲಿ ಟಿಕ್ ಎಂದು ಸಣ್ಣ ಸಪ್ಪಳ. ಮತ್ತೊಂದು. ಕಾವು ಒಂದೇ ಕಡೆ ತಾಗಿದ್ದರಿಂದ ಸುತ್ತಲಿನ ಗಾಜು ಸಿಡಿದು, ಅಂಗೈಯಗಲ ಬೋಳಾಯಿತು.

ನೀಲಿ ಪಾತೇಲಿಗೆ ಹೀಗಾದರೆ ಆ ಸುಳಿ ಪೂರ್ತಿ ಹೋಗುತ್ತಿತ್ತು. ಹುಡುಗಿಗೆ ನಾನು ಕೊಟ್ಟ ಮಾತೂ ಮುರಿಯುತ್ತಿರಲಿಲ್ಲ. ಉಜ್ಜಿದ್ದು ಕಿರುಬೆರಳಷ್ಟೇ, ಸಿಡಿದದ್ದು ಬೆಂಕಿಯಿಂದ ಅನ್ನಬಹುದಿತ್ತು. ದಾರಿಯುದ್ದಕ್ಕೂ ಅದೇ ತಲೆಯಲ್ಲಿ ತಿರುಗಿತು. ತವರದ ಬೆಸುಗೆ ಗಟ್ಟಿ ಎಂದು ಗೊತ್ತಾಗಿದ್ದರೆ ಅದನ್ನೇ ಮಾಡಿಸುತ್ತಿದ್ದೆನೋ ಏನೋ.

ಮನೆಗೆ ಬಂದು ಬಿಳಿ ಪಾತೇಲಿಯಲ್ಲಿ ಹಾಲು ಕಾಸಿದೆ. ಒಂದು ಹನಿ ಸೋರಲಿಲ್ಲ. ಆಮೇಲೆ ತೊಳೆದು, ಒರೆಸಿ, ಅದರಲ್ಲೇ ಶೇಂಗಾ ಹುರಿಯಲು ಇಟ್ಟೆ. ನಮ್ಮ ಕಡೆ ಒಂದು ಪಾತ್ರೆಯನ್ನು ಒಂದೇ ಕೆಲಸಕ್ಕೆ ಮೀಸಲಿಡುವವರು ಯಾರು? ಬೆಳಿಗ್ಗೆ ಹಾಲು ಕಾಸಿದ್ದರಲ್ಲೇ ಮಧ್ಯಾಹ್ನ ಶೇಂಗಾ ಹುರಿಯುತ್ತಾರೆ, ಸಂಜೆ ಒಗ್ಗರಣೆ ಹಾಕುತ್ತಾರೆ. ಹೊಸ ಮನೆಯಲ್ಲಿ ಅತ್ತೆ ಹುರಿ ಅಂದರೆ, ಇದು ನಮ್ಮ ಅವ್ವನ ಪಾತೇಲಿ, ಇದರಾಗ ಹುರಿಯೂದಿಲ್ಲ ಎಂದು ಹುಡುಗಿ ಹೇಳುವಂತಿತ್ತೇ? ಶೇಂಗಾ ಚಟಪಟ ಅನ್ನುವಷ್ಟರಲ್ಲಿ ಕಾಳುಗಳ ನಡುವೆ ಬೆಳ್ಳಿಯ ಮಣಿಯಂಥ ತವರದ ಗುಂಡು ಉರುಳಾಡಿತು. ತೂತು ಮೊದಲಿನ ಹಾಗೆ ನನ್ನನ್ನು ನೋಡುತ್ತಿತ್ತು. ಶೇಂಗಾ ಎಲ್ಲ ತಿಪ್ಪೆಗೆ ಹೋಯಿತು.

ತವರ ಹಸಿ ಅಡುಗೆಗೆ ಆಯಿತು, ಒಣ ಹುರಿಯಲು ಆಗದು. ಇದು ಎಲ್ಲರೂ ನೆನಪಿಡಬೇಕಾದ ಮಾತು. ಅಂಗಡಿಯಲ್ಲಿ ಸಿಗುವ ಎರಡು ಕೊಳವೆಯದು ಕಲಸಿ ಹಚ್ಚುವ ಅಂಟು ನೀರಿನ ಬಕೀಟಿಗೆ ಸರಿ, ಬೆಂಕಿಗೆ ಅಲ್ಲ. ಉಳಿದದ್ದು ಒಂದೇ: ಅಲ್ಯುಮಿನಿಯಂ ರಿವೀಟು. ತೂತಿನಲ್ಲಿ ಮೊಳೆ ತೂರಿಸಿ, ಒಳಗೊಂದು ಹೊರಗೊಂದು ಬಿಲ್ಲೆ ಇಟ್ಟು, ತಲೆ ಬಡಿದು ಕೂಡಿಸುವುದು. ಬೆಂಕಿಯ ಕಾವು ಬೇಡ, ಆದ್ದರಿಂದ ಗಾಜು ಸಿಡಿಯದು. ಕಿರುಬೆರಳಗಲದಲ್ಲಿ ಮುಗಿಯುತ್ತದೆ. ಒಣ ಹುರಿದರೂ ಕರಗದು. ಒಂದೇ ದೋಷ, ಅದು ಕಾಣುತ್ತದೆ. ಬಿಳಿಯ ತಳದ ನಡುವೆ ಬೂದುಬಣ್ಣದ ಗುಬಟು. ಬಚ್ಚಿಡಲು ಬರುವುದಿಲ್ಲ.

ಕಾಣುತ್ತದೆ ಎಂಬುದು ಹೊಳೆದ ಮೇಲೆ ನಾನು ಬೇರೆ ಯೋಚನೆ ಮಾಡಲಿಲ್ಲ. ಆಕೆಯ ಸುಳಿಯ ನಟ್ಟನಡುವೆ ನನ್ನ ಕೈಯ ಗುರುತು ಕೂರುತ್ತದೆ, ಯಾರ ಅಪ್ಪಣೆಯೂ ಇಲ್ಲದೆ. ಪಾತ್ರೆಯ ಒಳಿತಿಗೆ ಅದನ್ನು ಆರಿಸಿದೆನೋ ನನ್ನ ಒಳಿತಿಗೋ ಎಂದು ಈಗ ಕೇಳಿದರೆ, ಎರಡೂ ಒಂದೇ ಕಡೆ ತೋರಿಸುತ್ತಿದ್ದವು ಎಂದಷ್ಟೇ ಹೇಳಬಲ್ಲೆ.

ಅತ್ತೆಗೆ ಹಿಡಿಸಲಿಲ್ಲ. "ಬಾಳೇಕ ಹೊಂಟ ಹುಡುಗಿಗೆ ತ್ಯಾಪಿ ಹಾಕಿದ ಪಾತೇಲಿ ಕೊಡ್ತೀಯಾ?"

"ತ್ಯಾಪಿ ಇಲ್ಲದ್ದು ಬೇಕಂದ್ರ ಸ್ಟೀಲು ಐತ್ರಿ. ಹೆಸರೂ ಕೊರಸೇನಿ."

ಅವರು ಮೊರ ಎತ್ತಿಕೊಂಡು ಒಳಗೆ ಹೋದರು.

ಗಂಡ ಜಿನ್ನಿನಿಂದ ದಪ್ಪ ಅಲ್ಯುಮಿನಿಯಂ ತಂತಿಯ ತುಂಡು ತಂದುಕೊಟ್ಟರು, ಕರೆಂಟಿನ ಕೆಲಸದವರು ಬಿಟ್ಟುಹೋದದ್ದು. ಕೊಡುತ್ತ ಕೇಳಿದರು: "ತೂತ ಆ ಹೂವಿನ ಮ್ಯಾಲೆ ಬಿದ್ದಿದ್ರ ಏನ್ ಮಾಡ್ತಿದ್ದಿ?"

"ಹೂವಿನ ಮ್ಯಾಲೂ ಮೊಳಿ ಬಡೀತಿದ್ದೆ."

"ಬಡೀತಿದ್ದಿ, ನನಗ ಗೊತ್ತು" ಅಂದು ನಕ್ಕು ಟೊಪ್ಪಿಗೆ ಹಾಕಿಕೊಂಡು ಹೋದರು. ಆ ನಗೆ ನನಗಾಗಿಯೇ ಇತ್ತು ಅಂದುಕೊಂಡೆ.

ತಂತಿ ಗಡಸಾಗಿತ್ತು, ಹಾಗೇ ಬಡಿದರೆ ಗಾಜು ಒಡೆಯುತ್ತದೆ. ಅದನ್ನು ಮೆತ್ತಗೆ ಮಾಡುವುದು ಹೀಗೆ: ಬಟ್ಟೆ ಸಾಬೂನನ್ನು ತಂತಿಗೆ ಒರೆಸಿ ಕೆಂಡದ ಮೇಲೆ ಹಿಡಿಯಿರಿ. ಸಾಬೂನು ಕಪ್ಪಾಯಿತೋ, ತೆಗೆಯಿರಿ. ಅದಕ್ಕಿಂತ ಹೆಚ್ಚು ಕಾದರೆ ಅಲ್ಯುಮಿನಿಯಂ ಹೇಳದೆ ಕೇಳದೆ ಕರಗಿ ಬೀಳುತ್ತದೆ. ಹಳೆಯ ಮುಚ್ಚಳದಿಂದ ಎರಡು ಬಿಲ್ಲೆ ಕತ್ತರಿಸಿ ಅವನ್ನೂ ಹೀಗೇ ಮೆತ್ತಗೆ ಮಾಡಿದೆ. ತೂತನ್ನು ಸೂಜಿಯಂಥ ಸಣ್ಣ ಅರದಿಂದ ತಿರುವಿ ತಿರುವಿ ಜೋಳದ ಕಾಳಿನಷ್ಟು ದುಂಡಗೆ ಮಾಡಿಕೊಂಡೆ. ಮೊಳೆ ಬಡಿದು ತೂತು ದೊಡ್ಡದು ಮಾಡಬಾರದು, ಗಾಜು ಎದ್ದುಹೋಗುತ್ತದೆ. ಸುತ್ತ ಕಿರುಬೆರಳಗಲ ಮರಳುಕಾಗದ ಆಡಿಸಿದೆ. ಹುಡುಗಿ ಪಕ್ಕದಲ್ಲೇ ಕೂತು, ಆಗಾಗ ಬೆರಳಿಟ್ಟು ಅಳೆಯುತ್ತಿದ್ದಳು.

ಬಿಲ್ಲೆಯ ಕೆಳಗೆ ಸಂದು ಮುಚ್ಚಲು ಏನಾದರೂ ಬೇಕು. ಚಾಚಾರನ್ನು ಕೇಳಿದ್ದೆ. "ಸುಣ್ಣದಾಗ ತತ್ತಿ ಬಿಳೀದು ಕಲಸು, ಕಲ್ಲಾಗತೈತಿ" ಅಂದಿದ್ದರು.

"ಹಾಲಿನ ಪಾತೇಲಿಗೆ ತತ್ತಿ ಅಂತ ನಮ್ಮ ಅತ್ತಿಗೆ ಗೊತ್ತಾದ್ರ, ಪಾತೇಲಿ ಒಂದೇ ಅಲ್ಲ ಚಾಚಾ, ನಾನೂ ಹೊರಗ."

"ಹಂಗಾದ್ರ ಕಲಾಯಿ ಹಾಕಸಬೇಕಿತ್ತು" ಎಂದು ಅವರು ತಿದಿ ಒತ್ತತೊಡಗಿದ್ದರು.

ನಮ್ಮ ಮಠದ ಮನೆತನದ ಆಚಾರದಲ್ಲಿ ತತ್ತಿಯ ಹೆಸರೂ ಒಲೆಯ ಹತ್ತಿರ ಬರುವಂತಿರಲಿಲ್ಲ. ಹಾಗಾಗಿ ಒಡೆದ ಹಾಲನ್ನು ಬಟ್ಟೆಯಲ್ಲಿ ಹಿಂಡಿ, ಆ ಗಟ್ಟಿಯನ್ನು ಅರಳಿದ ಸುಣ್ಣದ ಜೊತೆ ಕಲ್ಲಿನ ಮೇಲೆ ಅರೆದೆ. ಮೊದಲು ಮೊಸರಿನ ಹಾಗಿದ್ದದ್ದು ಅರೆಯುತ್ತ ಅರೆಯುತ್ತ ಅಂಟಾಗಿ ನೂಲೆಳೆಯಿತು. ಇದು ನೀರಿಗೆ ಬಿಡುವುದಿಲ್ಲ. ತಡಮಾಡದೆ ಹಚ್ಚಬೇಕು, ಅರ್ಧ ತಾಸು ಬಿಟ್ಟರೆ ಕಲ್ಲಿನಿಂದಲೇ ಬಿಡಿಸಲಾಗದು.

ಎರಡೂ ಬಿಲ್ಲೆಗೆ ಅಂಟು ಹಚ್ಚಿದೆ, ಹುಡುಗಿ ಪಾತೇಲಿ ಬೋರಲು ಹಿಡಿದಳು. ಒಳಗಿನಿಂದ ತೂರಿಸಿದ ತಂತಿಯ ತಲೆಯ ಕೆಳಗೆ ಕಬ್ಬಿಣದ ಗುಂಡು ಕೊಟ್ಟು, ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟತೊಡಗಿದೆ. ಬಡಿಯುವುದಲ್ಲ, ತಟ್ಟುವುದು, ಅಂಚಿಗೆ, ಸುತ್ತ ಸುತ್ತ. ತಲೆ ಅಣಬೆಯ ಹಾಗೆ ಅರಳುತ್ತ ಬಂತು. ಎಲ್ಲ ಸರಿಯಿತ್ತು. ಆಗ ಒಳಗಿನಿಂದ ಅತ್ತೆಯ ಧ್ವನಿ ಬಂತು, ಪಕ್ಕದ ಮನೆಯವಳಿಗೆ ಹೇಳುತ್ತಿದ್ದರು: "ಇದ್ದಿದ್ರ ಆಕೀನ ಮಗಳಿಗೆ ಕೈಯಾರೆ ಕೊಡ್ತಿದ್ಲು." ನನ್ನ ಕೈ ಒಂದು ಪೆಟ್ಟು ಜೋರಾಗಿ ಹಾಕಿತು. ಹೊರಗಿನ ನೀಲಿ ಗಾಜಿನ ಒಂದು ಚಕ್ಕೆ ಹಾರಿ ಹುಡುಗಿಯ ಸೆರಗಿಗೆ ಬಿತ್ತು.

ಅವಳು ಚಕ್ಕೆಯನ್ನು ನೋಡಿದಳು, ನನ್ನನ್ನು ನೋಡಿದಳು.

ಅಂಟು ಆರಿದ ಮೇಲೆ ನೀರು ತುಂಬಿ ಒಣ ಬೂದಿಯ ಮೇಲೆ ಇಟ್ಟೆ. ಸೋರಿಕೆ ಕಣ್ಣಿಗೆ ಕಾಣದಿದ್ದರೂ ಬೂದಿಗೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಬೂದಿಯ ನಡುವೆ ಕಪ್ಪು ಚುಕ್ಕೆ ಎದ್ದಿತು. ಆ ಜೋರು ಪೆಟ್ಟಿಗೆ ಬಿಲ್ಲೆ ಒಂದು ಮಗ್ಗುಲಿಗೆ ಎದ್ದಿತ್ತು.

"ದೊಡ್ಡ ಬಿಲ್ಲಿ ಹಾಕಿದ್ರ ನಿಲ್ಲತೈತಿ" ಅಂದೆ. "ಇನ್ನ ಅರ್ಧ ಬೆರಳು ಕೊಡು."

"ಕೊಡೂದಿಲ್ಲ. ವ್ಯಾಪಾರ ಮುಗದೈತಿ."

ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ರಿವೀಟಿನ ತಲೆಯನ್ನು ಅರದಿಂದ ತೇಯ್ದು ತೆಗೆದು, ಮೊದಲಿನಿಂದ ಶುರುಮಾಡಿದೆ. ಈ ಸಲ ಬಿಲ್ಲೆಗಳನ್ನು ಕಟ್ಟಿಗೆಯ ಕುಳಿಯಲ್ಲಿಟ್ಟು ತಟ್ಟಿ, ತೀರ ಸಣ್ಣ ತಟ್ಟೆಯ ಹಾಗೆ ತುಸು ಬಾಗಿಸಿದೆ. ಹೀಗೆ ಮಾಡಿದರೆ ನಡುವೆ ಅಮುಕಿದಷ್ಟೂ ಅಂಚು ಸುತ್ತಲೂ ಬಿಗಿಯಾಗಿ ಕಚ್ಚುತ್ತದೆ, ಸುಣ್ಣದ ಅಂಟು ಒಳಗೇ ಉಳಿಯುತ್ತದೆ. ಅಡುಗೆಮನೆಯ ಬಾಗಿಲು ಹಾಕಿ ಬಾ ಎಂದು ಹುಡುಗಿಗೆ ಹೇಳಿದೆ. ಆಮೇಲೆ ತಟ್ಟಿದೆ, ಉಸಿರಿನ ಲಯದಲ್ಲಿ, ಕೈ ಸೋಲುವ ತನಕ.

ಎರಡು ದಿನ ನೆರಳಲ್ಲಿ ಆರಲು ಬಿಟ್ಟು, ಜಿನ್ನಿನ ಹತ್ತಿಯ ಒಂದು ಎಳೆ ತೆಗೆದುಕೊಂಡು ತಳಕ್ಕೆ ಒರೆಸಿದೆ. ಹತ್ತಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಗಾಜಿನ ಚೂಪು ಉಳಿದಿದೆ ಎಂದರ್ಥ. ಚೂಪು ಬಿಟ್ಟರೆ ಗಾಜು ಹೊಟ್ಟೆಗೆ ಹೋಗುತ್ತದೆ, ಇದರಲ್ಲಿ ಆಲಸ್ಯ ಬೇಡ. ಹತ್ತಿ ಎಲ್ಲೂ ನಿಲ್ಲಲಿಲ್ಲ. ನೀರು ತುಂಬಿಟ್ಟರೂ ಬೂದಿ ಒಣಗಿದ್ದದ್ದು ಒಣಗಿದಂತೆಯೇ ಇತ್ತು. ಜೋಳದ ಅಂಬಲಿ ಕುದಿಸಿದೆ, ಶೇಂಗಾ ಹುರಿದೆ, ಕೊನೆಗೆ ಹಾಲು ಕಾಸಿದೆ. ಒಲೆ ಚುಂಯ್ ಅನ್ನಲಿಲ್ಲ.

ಅತ್ತೆ ಬಗ್ಗಿ ನೋಡಿ, "ಹಣಿ ಮ್ಯಾಲೆ ಗುಳ್ಳಿ ಎದ್ದಂಗ ಕಾಣತೈತಿ" ಅಂದರು. ಹುಡುಗಿ ಮಾತ್ರ ರಿವೀಟಿನ ಸುತ್ತ ಬೆರಳಾಡಿಸಿ ಗೀರುಗಳೆಲ್ಲ ಇವೆಯೇ ಎಂದು ನೋಡಿಕೊಂಡಳು. ಇದ್ದವು. ಬೆರಳು ತಿರುಗುವಾಗೆಲ್ಲ ನಡುವಿನ ಗುಬಟಿಗೆ ತಾಗುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ.

ಮದುವೆ ಆಯಿತು. ಪಾತೇಲಿ ಯಮನೂರಿಗೆ ಹೋಯಿತು. ಸ್ವಲ್ಪ ದಿನಗಳ ಮೇಲೆ ನಾನು ಬಸ್ಸು ಹಿಡಿದು ಹುಡುಗಿಯ ಮನೆಗೆ ಹೋದೆ. ದಾರಿಯಲ್ಲಿ ನವಲಗುಂದದ ಸಂತೆಯಲ್ಲಿ ಇಳಿದು ಒಂದಿಷ್ಟು ಕೆಟ್ಟ ತಾಟು ಕೊಳ್ಳುವ ವಿಚಾರವಿತ್ತು, ಆದ್ದರಿಂದ ಅರ, ಸುತ್ತಿಗೆ ಚೀಲದಲ್ಲೇ ಇದ್ದವು. ಹುಡುಗಿ ಒಲೆಯ ಮುಂದೆ ಕೂತಿದ್ದಳು, ಮೇಲೆ ನೀಲಿ ಪಾತೇಲಿ. ಬೀಗತಿ ನನಗೆ ಮಣೆ ಕೊಟ್ಟು, ನೀರು ಕೊಟ್ಟು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು.

"ಪಾತೇಲಿ ಭಾಳ ಚಲೋ ಐತ್ರಿ ಅಕ್ಕಾರ. ಆದ್ರ ದಿನಾ ಹಾಲು ನಡುವ ಹತ್ತತೈತಿ, ಆ ಮೊಳಿ ಸುತ್ತ. ಅಲ್ಲಿ ಎಷ್ಟ ತಿಕ್ಕಿದ್ರೂ ಸಾಲೂದಿಲ್ಲ. ಅದನ್ನ ಸ್ವಲ್ಪ ತೇಯ್ದು ನುಣ್ಣಗ ಮಾಡಾಕ ಬರತೈತೇನ್ರಿ?"

ಬರುತ್ತಿತ್ತು. ತಲೆಯನ್ನು ಒಂದು ಕೂದಲೆಳೆಯಷ್ಟು ತೇಯ್ದು, ಅಂಚನ್ನು ಇಳಿಜಾರು ಮಾಡಿದರೆ ಹಾಲು ಹತ್ತುವುದು ನಿಲ್ಲುತ್ತದೆ. ಅಲ್ಲೇ ಕೂತು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ.

"ತೇಯ್ದ್ರ ಸಡಿಲ ಆಗತೈತ್ರಿ" ಅಂದೆ. "ಹಂಗ ಇರಲಿ."

ಹುಡುಗಿ ತಿರುಗಿ ನನ್ನ ಮುಖ ನೋಡಿದಳು. ಇಷ್ಟು ವರ್ಷ ನನ್ನ ಬಾಜು ಕೂತು ರಿವೀಟು ತೇಯುವುದನ್ನು ನೋಡಿದವಳು ಅವಳು. ಯಾವುದು ಸಡಿಲಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಅವಳಿಗೆ ನನ್ನಷ್ಟೇ ಗೊತ್ತಿತ್ತು.

"ಇರಲಿ ಬಿಡ್ರಿ ಅತ್ತಿ" ಅಂದಳು ಬೀಗತಿಗೆ. "ತಿಕ್ಕಾಕಿ ನಾನ ಅಲ್ಲ?"

ನಾನು ಚೀಲವನ್ನು ಕಾಲ ಹಿಂದೆ ಸರಿಸಿಕೊಂಡೆ. ದಿನಾ ಹತ್ತಲಿ. ದಿನಾ ಅವಳ ಕೈ ಆ ಸುತ್ತಲಿನ ಗೀರುಗಳನ್ನೆಲ್ಲ ಸುಮ್ಮನೆ ದಾಟಿ ಬಂದು, ನಡುವಿನ ಅಷ್ಟು ಜಾಗದಲ್ಲಿ ನಿಂತು ತಿಕ್ಕಲಿ.